ಸಲಹೆಗಾರರ ಪೂರ್ವಾನುಭವ: ಪರಿಚಯವೋ, ಪರಿಣತಿಯೋ?

ಸರ್ಕಾರದೊಡನೆ ವ್ಯವಹರಿಸಲು ಉದ್ಯಮಗಳು ನೇಮಿಸಿಕೊಳ್ಳುವ ಸಲಹೆಗಾರರಲ್ಲಿ ಶಾಸನಸಭೆಗಳ ಮಾಜಿ ಸಿಬ್ಬಂದಿಯೂ ಇರುತ್ತಾರೆ. ಅವರಿಂದ ನಾವು ಪಡೆಯುವುದೇನು ಎಂಬುದು ವಿಚಾರಾರ್ಹ. ಮಸೂದೆಯ ಕರಡು ಹೇಗೆ ರೂಪುಗೊಳ್ಳುತ್ತದೆ, ಸಮಿತಿಯು ಯಾವ ಹಂತದಲ್ಲಿ ಆಕ್ಷೇಪಣೆಗಳಿಗೆ ಕಿವಿಗೊಡುತ್ತದೆ ಎಂಬ ಅರಿವು ಬಹುಕಾಲ ಬಾಳುವ ಬಂಡವಾಳ. ಬರಿಯ ಮುಖಪರಿಚಯವಾದರೋ ಮುಂದಿನ ಚುನಾವಣೆಯೊಂದಿಗೇ ಮುಗಿದುಹೋಗಬಹುದು.

ಅಮೆರಿಕದಲ್ಲಿ ಈ ವೃತ್ತಿಯನ್ನು 1995ರ ಲಾಬಿ ಬಹಿರಂಗಪಡಿಸುವಿಕೆ ಕಾಯಿದೆ ನಿಯಂತ್ರಿಸುತ್ತದೆ. ಹಿಂದಿನ 20 ವರ್ಷಗಳಲ್ಲಿ ವಹಿಸಿದ್ದ ನಿರ್ದಿಷ್ಟ ಸರ್ಕಾರಿ ಹಾಗೂ ಸಂಸದೀಯ ಹುದ್ದೆಗಳನ್ನು ಲಾಬಿದಾರರು ನಮೂದಿಸಬೇಕೆಂದು 2007ರ ತಿದ್ದುಪಡಿ ವಿಧಿಸಿತು. ಸೆನೆಟ್‌ನ ಹಿರಿಯ ಸಿಬ್ಬಂದಿ ಹುದ್ದೆ ತೊರೆದ ಮೇಲೆ ಒಂದು ವರ್ಷ ಅಲ್ಲಿ ಲಾಬಿ ನಡೆಸುವಂತಿಲ್ಲ.

ಭಾರತದಲ್ಲಿ ಇಂಥ ಕಾಯಿದೆ ಇಲ್ಲ. ಆದುದರಿಂದ ಪೂರ್ವಾಪರ ವಿಚಾರಿಸುವ ಹೊಣೆ ನೇಮಿಸಿಕೊಳ್ಳುವವರದೇ. ಸಲಹೆಗಾರರು ಯಾವ ಸಮಿತಿಯಲ್ಲಿ, ಎಷ್ಟು ವರ್ಷ, ಯಾವ ಕೆಲಸ ನಿರ್ವಹಿಸಿದರು, ಎಂದು ಹುದ್ದೆ ತೊರೆದರು ಎಂಬ ವಿವರಗಳನ್ನು ಲಿಖಿತವಾಗಿ ಪಡೆಯುವುದು ಒಳಿತು. ‘ಎಲ್ಲರೂ ನನಗೆ ಗೊತ್ತು’ ಎನ್ನುವವರಿಗಿಂತ, ‘ಈ ಕಲಮು ನಿಮ್ಮ ಉದ್ಯಮವನ್ನು ಹೀಗೆ ಬಾಧಿಸುತ್ತದೆ’ ಎಂದು ವಿವರಿಸಬಲ್ಲವರೇ ಮೇಲು. ಇದಕ್ಕೊಂದು ಮಾದರಿ ನಮೂನೆಯನ್ನು ನಮ್ಮ ಸಂಸ್ಥೆಯೇ ಸಿದ್ಧಪಡಿಸಿದರೆ ಸಣ್ಣ ಕೈಗಾರಿಕೆಗಳಿಗೆ ಮಹದುಪಕಾರವಾದೀತು.