ನರ್ಸ್ ಬೇಕು, ನಮ್ಮ ಮಗಳು ಮಾತ್ರ ನರ್ಸ್ ಆಗಬಾರದು!

ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಕಾಣಿಸಿಕೊಂಡು ಆಸ್ಪತ್ರೆಗೆ ಧಾವಿಸಿದಾಗ ನಾವು ಕೇಳುವ ಮೊದಲ ಪ್ರಶ್ನೆ, ‘ಒಳಗೆ ಲೇಡಿ ಡಾಕ್ಟರ್ ಇದ್ದಾರೆಯೇ?’ ಎಂಬುದಾಗಿರುತ್ತದೆ. ಇಂಜೆಕ್ಷನ್ ಕೊಡಲು, ಡ್ರೆಸ್ಸಿಂಗ್ ಮಾಡಲು, ರಾತ್ರಿಯಿಡೀ ಬಳಿಯಲ್ಲಿರಲು ಮಹಿಳೆಯೇ ಬರಬೇಕೆಂದು ನಾವು ಹಟ ಹಿಡಿಯುತ್ತೇವೆ. ಪುರುಷ ಸಿಬ್ಬಂದಿ ಒಳಗೆ ಕಾಲಿಟ್ಟರೆ ಮುಖ ಗಂಟಿಕ್ಕುತ್ತೇವೆ. ಈ ಬೇಡಿಕೆಯಲ್ಲಿ ತಪ್ಪೇನೂ ಇಲ್ಲ. ಲಜ್ಜೆಯನ್ನು ಇಸ್ಲಾಮ್ ವಿಶ್ವಾಸದ ಭಾಗವಾಗಿಯೇ ಕಾಣುತ್ತದೆ. ಆದರೆ ಅದೇ ಬಾಗಿಲಲ್ಲಿ ನಿಂತು ನಾವು ಎಂದೂ ಕೇಳಿಕೊಳ್ಳದ ಇನ್ನೊಂದು ಪ್ರಶ್ನೆಯಿದೆ: ನಮ್ಮ ಹೆಣ್ಣುಮಕ್ಕಳ ಮಾನ ಕಾಯುವ ಆ ನರ್ಸ್ ಯಾರ ಮಗಳು? ಅವಳನ್ನು ಓದಿಸಿದವರು ಯಾರು?

ಅವಳು ಯಾರದೋ ಮಗಳು. ಯಾವುದೋ ತಂದೆ ಹೊಲ ಒತ್ತೆಯಿಟ್ಟು, ಯಾವುದೋ ತಾಯಿ ಓಲೆ ಮಾರಿ ಅವಳನ್ನು ಓದಿಸಿದ್ದಾರೆ. ಆ ತ್ಯಾಗದ ಫಲವನ್ನು ನಾವು ಉಣ್ಣುತ್ತೇವೆ. ನಮ್ಮ ಮಗಳೇ ನರ್ಸ್ ಆಗುತ್ತೇನೆಂದರೆ ಮಾತ್ರ ಮನೆಯಲ್ಲಿ ಮಾತು ನಿಲ್ಲುತ್ತದೆ. ‘ರಾತ್ರಿ ಡ್ಯೂಟಿ’, ‘ಜನ ಏನೆಂದಾರು’, ‘ನಾಳೆ ಸಂಬಂಧ ಯಾರು ಕೇಳಿಯಾರು’ ಎಂಬ ಮಾತುಗಳು ಮೊದಲು ಬರುತ್ತವೆ. ಕೊನೆಗೆ ನಿಜವಾದ ಮಾತು ಹೊರಬೀಳುತ್ತದೆ: ‘ಅಷ್ಟು ದುಡ್ಡು ಎಲ್ಲಿಂದ ತರೋಣ?’

ಕೊಲ್ಹಾರದಂಥ ಪಟ್ಟಣವನ್ನೇ ಗಮನಿಸೋಣ. ಮಡಕೆ ಮೊಸರಿಗೆ ಹೆಸರಾದ, ಕೃಷ್ಣೆಯ ದಂಡೆಯ ಈ ಊರು ಬಸವನ ಬಾಗೇವಾಡಿಯಿಂದ ಬೇರ್ಪಟ್ಟು ಈಗ ಸ್ವತಃ ತಾಲ್ಲೂಕು ಕೇಂದ್ರವಾಗಿದೆ. ಆದರೆ ಹೆರಿಗೆ ಕಠಿಣವಾದರೆ, ಎದೆನೋವು ಬಂದರೆ ಇಂದಿಗೂ ವಿಜಯಪುರಕ್ಕೋ ಬಾಗಲಕೋಟೆಗೋ ಗಾಡಿ ಹತ್ತಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕುಟುಂಬಗಳ ಪಾಡೂ ಬೇರೆಯಲ್ಲ. ಇಂಥ ಕಡೆ ದೊಡ್ಡ ಡಾಕ್ಟರ್ ಬಂದು ನೆಲೆಸುವುದು ಅಪರೂಪ. ನೆಲೆ ನಿಲ್ಲಬಲ್ಲವಳು ಊರಿನ ಮಗಳೇ ಆದ, ಚೆನ್ನಾಗಿ ತರಬೇತಾದ ನರ್ಸ್. ಅವಳನ್ನು ತಯಾರಿಸುವುದು ಸರ್ಕಾರದ ಕೆಲಸ ಮಾತ್ರವಲ್ಲ, ಜಮಾಅತಿನ ಕೆಲಸವೂ ಹೌದು ಎಂಬುದು ನಮ್ಮ ವಾದ.

ನಮ್ಮ ಪಟ್ಟಣಗಳಲ್ಲಿ ಪಿಯುಸಿ ಮುಗಿಸಿದ ಹೆಣ್ಣುಮಗಳಿಗೆ ಸಾಮಾನ್ಯವಾಗಿ ಎರಡು ದಾರಿಗಳು: ಸಮೀಪದ ಕಾಲೇಜಿನಲ್ಲಿ ಬಿ.ಎ., ಇಲ್ಲವೇ ಮದುವೆ. ಬಿ.ಎ. ಆದವಳಿಗೆ ಕೆಲಸವಿಲ್ಲ. ಆಗ ಅವಳ ಕಣ್ಣು ಬಸ್ ನಿಲ್ದಾಣದ ಗೋಡೆಯ ಮೇಲಿನ ಬೋರ್ಡಿಗೆ ಬೀಳುತ್ತದೆ: ‘ಆರು ತಿಂಗಳ ನರ್ಸಿಂಗ್ ಕೋರ್ಸ್, ನೂರಕ್ಕೆ ನೂರು ಕೆಲಸ’. ಬಡ ತಂದೆ ಬಡ್ಡಿಗೆ ತಂದ ಹಣವನ್ನು ಕಟ್ಟುತ್ತಾನೆ. ಕೊನೆಗೆ ಅವಳ ಕೈಗೆ ಬರುವುದು ಯಾವ ನರ್ಸಿಂಗ್ ಮಂಡಳಿಯೂ ನೋಂದಾಯಿಸಿಕೊಳ್ಳದ ಒಂದು ಕಾಗದ. ಅಂಥ ಹುಡುಗಿ ಖಾಸಗಿ ಕ್ಲಿನಿಕ್ಕಿನಲ್ಲಿ ಆಯಾಳ ಸಂಬಳಕ್ಕೆ ನರ್ಸಿನ ಕೆಲಸ ಮಾಡುತ್ತಾಳೆ. ರೋಗಿಗೂ ಅಪಾಯ, ಅವಳಿಗೂ ಅನ್ಯಾಯ. ದುರಂತವೆಂದರೆ, ಈ ಲೂಟಿಯ ವಿರುದ್ಧ ಮಾತನಾಡಬೇಕಾದ ನಮ್ಮ ಮುಖಂಡರೇ ಕೆಲವೊಮ್ಮೆ ಅಂಥ ‘ಸಂಸ್ಥೆ’ಗಳ ಉದ್ಘಾಟನೆಗೆ ಹೋಗಿ ಶಾಲು ಹೊದಿಸಿಕೊಂಡು ಬರುತ್ತಾರೆ.

ಅಮೆರಿಕದಲ್ಲಿ ಬೇರೆ ವಿಷಯದಲ್ಲಿ ಪದವಿ ಪಡೆದವರು ಒಂದು, ಒಂದೂವರೆ ವರ್ಷದಲ್ಲೇ ನರ್ಸಿಂಗ್ ಪದವಿ ಮುಗಿಸುವ ತ್ವರಿತ ಕೋರ್ಸ್‌ಗಳಿವೆ ಎಂಬುದು ನಿಜ. ಹೊರದೇಶದ ಬಂಧುಗಳಿಂದ ಇದನ್ನು ಕೇಳಿದವರು ನಮ್ಮಲ್ಲೂ ಅಂಥದ್ದಿದೆಯೆಂದು ನಂಬಿಬಿಡುತ್ತಾರೆ. ನಮ್ಮ ದೇಶದಲ್ಲಿ ಆ ಅಡ್ಡದಾರಿಯಿಲ್ಲ. ಇಲ್ಲಿರುವ ದಾರಿಗಳನ್ನು ಪ್ರತಿ ಮನೆಯೂ ತಿಳಿದಿರಬೇಕು.

ಮೊದಲನೆಯದು ಎ.ಎನ್.ಎಂ., ಎರಡು ವರ್ಷ. ಎರಡನೆಯದು ಜಿ.ಎನ್.ಎಂ. ಡಿಪ್ಲೊಮಾ, ಮೂರು ವರ್ಷ. ಇದಕ್ಕೆ ವಿಜ್ಞಾನ ಓದಿದವರಿಗೆ ಆದ್ಯತೆಯಿದ್ದರೂ, ಇಂಗ್ಲಿಷ್ ಸಹಿತ ಶೇ. 40 ಅಂಕಗಳೊಂದಿಗೆ ಪಿಯುಸಿಯಲ್ಲಿ ಕಲೆ ಅಥವಾ ವಾಣಿಜ್ಯ ಓದಿದವರಿಗೂ ಬಾಗಿಲು ಮುಚ್ಚಿಲ್ಲ. ವಯೋಮಿತಿ 17ರಿಂದ 35. ಅಂದರೆ ಬಿ.ಎ. ಮುಗಿಸಿ ಮನೆಯಲ್ಲಿ ಕುಳಿತ ಇಪ್ಪತ್ತೆರಡರ ಮಗಳಿಗೆ ಕಾಲ ಮಿಂಚಿಲ್ಲ. ಮೂರನೆಯದು ಬಿ.ಎಸ್ಸಿ. ನರ್ಸಿಂಗ್, ನಾಲ್ಕು ವರ್ಷ. ಇದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್‌ನಲ್ಲಿ ಶೇ. 45 ಅಂಕ ಬೇಕು. ನಮ್ಮ ರಾಜ್ಯದಲ್ಲಿ ಸರ್ಕಾರಿ ಕೋಟಾದ ಸೀಟು ಬೇಕಾದವರು ಪರೀಕ್ಷಾ ಪ್ರಾಧಿಕಾರದ ಸಿಇಟಿಗೆ ಅರ್ಜಿ ಹಾಕಿರಬೇಕು. ಜಿ.ಎನ್.ಎಂ. ಮುಗಿಸಿದವಳು ಮುಂದೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವೀಧರೆಯಾಗಬಹುದು. ಸೇರುವ ಮುನ್ನ ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ, ಪದವಿಯಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಬೇರೊಂದು ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಕಲಿಯಲು ನಿಜವಾದ ರೋಗಿಗಳಿರುವ ಆಸ್ಪತ್ರೆ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಏಜೆಂಟನ ಸಿಹಿಮಾತು ಇವುಗಳಿಗೆ ಉತ್ತರವಲ್ಲ.

ಈ ಏಣಿ ಅಲ್ಲಿಗೇ ಮುಗಿಯುವುದಿಲ್ಲ. ಬಿ.ಎಸ್ಸಿ. ಬಳಿಕ ಕನಿಷ್ಠ ಒಂದು ವರ್ಷ ದುಡಿದವರಿಗೆ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ರೆಸಿಡೆನ್ಸಿ ಕೋರ್ಸನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದೆ. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಹೆರಿಗೆ ವಿಭಾಗದಲ್ಲಿ ಅನುಭವವಿರುವ ನೋಂದಾಯಿತ ನರ್ಸ್‌ಗಳಿಗೆ ಹದಿನೆಂಟು ತಿಂಗಳ ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್ ತರಬೇತಿಯೂ ಬಂದಿದೆ. ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನಿಭಾಯಿಸಬಲ್ಲ, ಅಪಾಯದ ಲಕ್ಷಣವನ್ನು ಮೊದಲೇ ಗುರುತಿಸಿ ದೊಡ್ಡ ಆಸ್ಪತ್ರೆಗೆ ಕಳುಹಿಸಬಲ್ಲ ಮಹಿಳೆ ಇವಳು. ಲೇಡಿ ಡಾಕ್ಟರ್ ಇಲ್ಲವೆಂದು ಕೊರಗುವ ಕೊಲ್ಹಾರಕ್ಕೆ ಬೇಕಿರುವುದು ಇಂಥವಳಲ್ಲದೆ ಇನ್ನಾರು?

ಈಗ ನಮ್ಮ ಆಕ್ಷೇಪಗಳನ್ನು ಪರಿಶೀಲಿಸೋಣ. ಮದೀನಾದ ಮಸ್ಜಿದುನ್ನಬವಿಯ ಆವರಣದಲ್ಲಿ ಗಾಯಾಳುಗಳಿಗಾಗಿ ಒಂದು ಗುಡಾರವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಅಸ್ಲಮ್ ಗೋತ್ರದ ರುಫೈದಾ(ರ). ಖಂದಕ್ ಯುದ್ಧದಲ್ಲಿ ಬಾಣ ತಗುಲಿದ ಹಝ್ರತ್ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಆ ಮಹಿಳೆಯ ಗುಡಾರದಲ್ಲೇ ಇರಿಸಿದರು. ಉಮ್ಮು ಅತಿಯ್ಯಾ(ರ) ಏಳು ಯುದ್ಧಗಳಲ್ಲಿ ಪಾಲ್ಗೊಂಡು ಗಾಯಾಳುಗಳ ಆರೈಕೆ ಮಾಡಿದರು. ಈ ಸಹಾಬಿ ವನಿತೆಯರ ಬಗ್ಗೆ ‘ಜನ ಏನೆಂದಾರು’ ಎಂದು ಅಂದಿನ ಸಮಾಜ ಕೇಳಲಿಲ್ಲ. ನಾವು ಅವರಿಗಿಂತಲೂ ಧರ್ಮನಿಷ್ಠರೇ? ರಾತ್ರಿ ಪಾಳಿಯ ಸುರಕ್ಷತೆಯ ಚಿಂತೆ ನ್ಯಾಯವಾದುದೇ. ಅದಕ್ಕೆ ಪರಿಹಾರ ಸುರಕ್ಷಿತ ಹಾಸ್ಟೆಲ್, ಸುರಕ್ಷಿತ ವಾಹನ ಮತ್ತು ಆಸ್ಪತ್ರೆಯ ಆಡಳಿತದ ಹೊಣೆಗಾರಿಕೆ. ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ. ಹಜ್ ಯಾತ್ರೆಯಲ್ಲಿ ನಮ್ಮ ತಾಯಂದಿರು ಕಾಯಿಲೆ ಬಿದ್ದರೆ ನೋಡಿಕೊಳ್ಳಲೆಂದು ಭಾರತದಿಂದ ವೈದ್ಯರನ್ನೂ ನರ್ಸ್‌ಗಳನ್ನೂ ಕಳುಹಿಸಲಾಗುತ್ತದೆ. ಆ ಭಾಗ್ಯ ನಮ್ಮ ಮಗಳದ್ದಾದರೆ ಅದು ಅವಮಾನವೇ?

2022ರಲ್ಲಿ ಹಿಜಾಬ್ ವಿವಾದದ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಲಾಯಿತು. ಆ ವರ್ಷ ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನಾವು ಆಗ ಬೀದಿಯಲ್ಲಿ ನಿಂತು, ‘ನಮ್ಮ ಮಕ್ಕಳ ಶಿಕ್ಷಣದ ಹಕ್ಕು ಕಸಿಯಬೇಡಿ’ ಎಂದೆವು. ಸರಿಯಾಗಿಯೇ ಹೇಳಿದೆವು. ಆದರೆ ಹೊರಗಿನವರು ಗೇಟು ಮುಚ್ಚಿದಾಗ ಕೂಗುವ ನಾವು, ಅದೇ ಗೇಟನ್ನು ಮನೆಯೊಳಗಿನಿಂದ ಮುಚ್ಚಿದರೆ ಆ ಕೂಗಿಗೆ ಯಾವ ಬೆಲೆ?

ಇನ್ನು ಹಣದ ಪ್ರಶ್ನೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ಶುಲ್ಕವೊಂದೇ ಅಲ್ಲ, ಹಾಸ್ಟೆಲ್, ಸಮವಸ್ತ್ರ, ಪುಸ್ತಕ, ಪರೀಕ್ಷಾ ಶುಲ್ಕ ಎಲ್ಲ ಸೇರಿ ಮೂರು ನಾಲ್ಕು ವರ್ಷ ಗೌಂಡಿಯ ಅಥವಾ ಹಣ್ಣಿನ ವ್ಯಾಪಾರಿಯ ಸಂಸಾರವನ್ನು ಹಿಂಡಿಬಿಡುತ್ತವೆ. ಬ್ಯಾಂಕು ಶಿಕ್ಷಣ ಸಾಲ ಕೊಡುತ್ತದೆ, ಆದರೆ ಬಡ್ಡಿಗೆ. ಬಡ್ಡಿ ಹರಾಮ್ ಎಂದು ನಮ್ಮ ಮಿಂಬರ್‌ಗಳಿಂದ ಸಾರುತ್ತೇವೆ, ಸಾರಬೇಕಾದುದೇ. ಆದರೆ ಹರಾಮಿನ ಬಾಗಿಲು ಮುಚ್ಚುವವನಿಗೆ ಹಲಾಲಿನ ಬಾಗಿಲು ತೆರೆಯುವ ಹೊಣೆಯೂ ಇದೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತಿರುವುದರಿಂದಲೇ ಆ ತಂದೆ ಓಣಿಯ ಬಡ್ಡಿ ವ್ಯಾಪಾರಿಯ ಬಳಿ ಹೋಗುತ್ತಾನೆ, ಇಲ್ಲವೇ ಮಗಳ ಓದು ನಿಲ್ಲಿಸುತ್ತಾನೆ.

ಹಾಗಾದರೆ ಸಮುದಾಯದ ಬಳಿ ಹಣವಿಲ್ಲವೇ? ಶಾದಿ ಮಹಲ್‌ಗಳಿಗೆ ಹೋಗಿ ನೋಡಿ. ಮಂಗನಿಗೊಂದು ಊಟ, ಹಳದಿಗೊಂದು ಊಟ, ನಿಕಾಹ್‌ಗೊಂದು, ವಲೀಮಾಕ್ಕೊಂದು. ಜೋಡೆಯ ಹಣ, ಬೈಕು, ಕಪಾಟು, ಮಂಚ. ಮಗಳ ಓದಿಗೆ ಇಲ್ಲದ ಲಕ್ಷಗಳು ಅವಳನ್ನು ಕಳುಹಿಸಿಕೊಡುವ ದಿನ ಎಲ್ಲಿಂದ ಉದುರುತ್ತವೆ?

ಈ ನೆಲದ ಕುಟುಂಬಗಳಿಗೆ ಇನ್ನೊಂದು ಪಾಠವಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಕೊಲ್ಹಾರ ಮುಳುಗಿತು. ಪರಿಹಾರದ ಹಣ ಬಂತು, ಹಾಗೆಯೇ ಹೋಯಿತು. ಎಷ್ಟು ಮನೆಗಳಲ್ಲಿ ಅದು ವಿದ್ಯೆಯಾಗಿ ಉಳಿದಿದೆ? ಈಗ ಅಣೆಕಟ್ಟೆಯ ಎತ್ತರವನ್ನು 524 ಮೀಟರಿಗೆ ಏರಿಸುವ ಹಂತಕ್ಕಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿದೆ. ಆ ಹಣ ಕೈಸೇರಿದಾಗ ಮತ್ತೆ ಶಾದಿ ಮಹಲಿಗೇ ಹೋಗಲಿದೆಯೇ? ಇದನ್ನು ಮನೆಮಂದಿ ಈಗಲೇ ಕುಳಿತು ನಿರ್ಧರಿಸಲಿ.

ಸರ್ಕಾರವನ್ನೂ ಪ್ರಶ್ನಿಸದೆ ಬಿಡುವಂತಿಲ್ಲ. ಮುಸ್ಲಿಮರು ಉನ್ನತ ಶಿಕ್ಷಣದಲ್ಲಿ ಎಷ್ಟು ಹಿಂದುಳಿದಿದ್ದಾರೆಂಬುದನ್ನು 2006ರಲ್ಲೇ ಸಾಚಾರ್ ಸಮಿತಿ ದೇಶದ ಮುಂದಿಟ್ಟಿತು. ಆ ವರದಿಯ ಬಳಿಕ ಬಂದ ನೆರವಿಗೆ 2022ರಲ್ಲಿ ಕೇಂದ್ರ ಸರ್ಕಾರ ಕತ್ತರಿ ಹಾಕಿತು. ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನ ನಿಂತಿತು. ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನೇ ರದ್ದುಪಡಿಸಲು ಹೊರಟಿತು. ಸುಪ್ರೀಮ್ ಕೋರ್ಟಿನ ಮುಂದೆ ಪ್ರಶ್ನೆ ಬಂದಾಗ ಅದು ಜಾರಿಯಾಗದೆ ನಿಂತಿತು. ನೆರೆಯ ಕಲಬುರಗಿ ಜಿಲ್ಲೆಗೆ ಸಿಗುವ 371(ಜೆ) ವಿಧಿಯ ಮೀಸಲು ವಿಜಯಪುರ ಜಿಲ್ಲೆಗಿಲ್ಲ. ಇವೆಲ್ಲದರ ವಿರುದ್ಧ ಹೋರಾಟ ನಡೆಯಲೇಬೇಕು.

ಆದರೆ ಇರುವುದನ್ನಾದರೂ ನಾವು ಪಡೆಯುತ್ತಿದ್ದೇವೆಯೇ? ಮಗಳ 2ಬಿ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಸಕಾಲದಲ್ಲಿ ಸಿದ್ಧವಿರುವ ಮನೆಗಳೆಷ್ಟು? ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವೃತ್ತಿಪರ ಕೋರ್ಸ್‌ಗಳಿಗಾಗಿ ಬಡ್ಡಿಯಿಲ್ಲದೆ, ಸೇವಾ ಶುಲ್ಕದ ಮೇಲೆ ಕೊಡುವ ‘ಅರಿವು’ ಸಾಲದ ಬಗ್ಗೆ, ನಿರ್ದೇಶನಾಲಯದ ವಿದ್ಯಾರ್ಥಿವೇತನ ಮತ್ತು ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳ ಬಗ್ಗೆ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸಿದವರೆಷ್ಟು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಪೆಟ್ಟಿಗೆಯಲ್ಲಿಟ್ಟುಕೊಂಡು, ಮಕ್ಕಳ ಓದಿಗೆ ಅದರಿಂದ ಸಹಾಯಧನವಿದೆಯೆಂಬುದೇ ತಿಳಿಯದ ಗೌಂಡಿಗಳೆಷ್ಟು? ಕೊನೆಯ ದಿನಾಂಕ ದಾಟಿದ ಮೇಲೆ ಸರ್ಕಾರವನ್ನು ಬೈಯುವುದು ಸುಲಭ.

ನಾವು ಮುಂದಿಡುವ ಸಲಹೆ ಇಷ್ಟು. ಒಂದು ಜಮಾಅತಿನಲ್ಲಿ ಮುನ್ನೂರು ಮನೆಗಳಿವೆಯೆಂದು ಭಾವಿಸಿ. ಪ್ರತಿ ಮನೆ ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 3,60,000 ರೂಪಾಯಿ. ಇದು ಕರ್ಝೆ ಹಸನಾ ನಿಧಿಯಾಗಲಿ. ಬಡ್ಡಿಯಿಲ್ಲದ ಈ ಸಾಲವನ್ನು ಹುಡುಗಿ ಕೆಲಸ ಸಿಕ್ಕ ಮೇಲೆ ಕಂತುಗಳಲ್ಲಿ ತೀರಿಸಲಿ. ಅದು ಮುಂದಿನವಳ ಶುಲ್ಕವಾಗಲಿ. ಝಕಾತ್‌ನ ಎಂಟು ಹಕ್ಕುದಾರರನ್ನು ಹೆಸರಿಸುವ ಸೂರಃ ತೌಬಾದ 60ನೇ ವಚನದಲ್ಲಿ ಬಡವರೂ ನಿರ್ಗತಿಕರೂ ಮೊದಲ ಸ್ಥಾನದಲ್ಲಿದ್ದಾರೆ. ನಿಜವಾಗಿ ಬಡವಳಾದ ವಿದ್ಯಾರ್ಥಿನಿ ಝಕಾತ್‌ಗೆ ಅರ್ಹಳು. ಒಡೆತನ ಅವಳದೇ ಆಗಬೇಕೆಂಬ ಫಿಕ್ಹ್‌ನ ನಿಯಮದಂತೆ ಹಣ ಅವಳ ಕೈಗೇ ಸೇರಲಿ, ಅವಳೇ ಶುಲ್ಕ ಕಟ್ಟಲಿ. ನಿಸಾಬ್ ಇದ್ದೂ ಕಷ್ಟದಲ್ಲಿರುವ ಮಧ್ಯಮ ಕುಟುಂಬಕ್ಕೆ ಝಕಾತ್ ಬೇಡ, ಸಾಲ ಸಾಕು. ಲೆಕ್ಕವನ್ನು ವರ್ಷಕ್ಕೊಮ್ಮೆ ಮಸೀದಿಯ ನೋಟೀಸ್ ಬೋರ್ಡಿಗೆ ಅಂಟಿಸಲಿ. ಪಡೆದವಳ ಹೆಸರು ಮಾತ್ರ ಗುಟ್ಟಾಗಿರಲಿ.

ಇದು ಅಸಾಧ್ಯವೆನ್ನುವವರು ವಿಜಯಪುರದ ಅಲ್-ಅಮೀನ್ ವೈದ್ಯಕೀಯ ಕಾಲೇಜನ್ನು ನೋಡಲಿ. 1966ರಲ್ಲಿ ಡಾ. ಮುಮ್ತಾಝ್ ಅಹ್ಮದ್ ಖಾನ್ ಬೆಂಗಳೂರಿನಲ್ಲಿ ಕಟ್ಟಿದ ಅಲ್-ಅಮೀನ್ ಚಳವಳಿ 1984ರಲ್ಲಿ ಈ ಜಿಲ್ಲೆಯಲ್ಲೊಂದು ವೈದ್ಯಕೀಯ ಕಾಲೇಜನ್ನೇ ತೆರೆಯಿತು. 2021ರಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಸಂತಾಪ ಸಭೆ ನಡೆಸಿದೆವು. ಒಬ್ಬ ವೈದ್ಯರು ಮುಂದೆ ನಿಂತು ಆಸ್ಪತ್ರೆ ಕಟ್ಟಿಸಬಲ್ಲರಾದರೆ, ಒಂದು ಇಡೀ ಜಮಾಅತ್ ಸೇರಿ ವರ್ಷಕ್ಕೆ ಇಬ್ಬರು ನರ್ಸ್‌ಗಳನ್ನು ಓದಿಸಲಾರದೇ?

ಪಿಯುಸಿ ಫಲಿತಾಂಶ ಬರುವುದಕ್ಕೆ ಮೊದಲೇ, ಒಂದು ಜುಮಾದ ದಿನ ಖತೀಬರು ಈ ವಿಷಯ ಎತ್ತಲಿ. ನಮಾಝಿನ ಬಳಿಕ ಜಮಾಅತಿನ ಹಿರಿಯರು ಕುಳಿತು ಮೊದಲ ಇಬ್ಬರು ಹೆಣ್ಣುಮಕ್ಕಳ ಅರ್ಜಿಯನ್ನು ಬರೆಸಲಿ. ಅದಾಗದಿದ್ದರೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ‘ಒಳಗೆ ಮಹಿಳೆ ಇದ್ದಾರೆಯೇ?’ ಎಂದು ಕೇಳುವ ಹಕ್ಕು ನಮಗೆ ಉಳಿಯುವುದಿಲ್ಲ.