ಜಾನ್ ಪಾಸಾದ, ಲಕ್ಷ್ಮಿ ಎಲ್ಲಿ?

ಕನ್ನಡ ವಿಕಿಪೀಡಿಯದ ಯಾವುದಾದರೂ ಪುಟದ ಕೊಂಡಿಯನ್ನು ಕಾಪಿ ಮಾಡಿ ವಾಟ್ಸ್ಯಾಪ್‌ನಲ್ಲಿ ಗೆಳೆಯರಿಗೆ ಕಳಿಸಿ ನೋಡಿ. ಬ್ರೌಸರ್‌ನಲ್ಲಿ ಚೆಂದದ ಕನ್ನಡದಲ್ಲಿ ಕಾಣುತ್ತಿದ್ದ ವಿಳಾಸ ಅಲ್ಲಿ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಮಾರುದ್ದದ ಸಾಲಾಗಿರುತ್ತದೆ. ಅದು ಕೆಟ್ಟುಹೋದದ್ದಲ್ಲ. ವೆಬ್ ವಿಳಾಸಕ್ಕೆ ಕನ್ನಡವನ್ನು ನೇರವಾಗಿ ಹೊರಲು ಬರುವುದಿಲ್ಲ. ಆದ್ದರಿಂದ ಬ್ರೌಸರ್ ಅದನ್ನು ಹೀಗೆ ಮೂಟೆ ಕಟ್ಟಿ ಸಾಗಿಸುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ವಿಳಾಸದೊಳಗೆ ಒಂದೊಂದು ಬೈಟಿಗೂ 3 ಚಿಹ್ನೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರಿಗೆ 7 ಸಂಕೇತ, 21 ಬೈಟ್. ವಿಳಾಸದಲ್ಲಿ 63 ಚಿಹ್ನೆ.

ಇಷ್ಟೆಲ್ಲ ವೇಷ ಬದಲಿಸಿ ಪ್ರಯಾಣ ಮಾಡುವ ಹೆಸರನ್ನು ನಮ್ಮ ಐಟಿ ಮಂದಿ ಒಮ್ಮೆಯೂ ಪರೀಕ್ಷೆಗೆ ಹಚ್ಚುವುದಿಲ್ಲ. ನನ್ನ ತಕರಾರು ಇದು.

ನೀವು ಆ್ಯಪ್‌ನಲ್ಲಿ ತುಂಬಿದ್ದನ್ನು ಸರ್ವರ್‌ಗೆ ಒಯ್ದು ಉತ್ತರ ತರುವ ಏರ್ಪಾಡಿಗೆ ಎಪಿಐ ಎನ್ನುತ್ತಾರೆ. ಆ್ಯಪ್ ಸಿದ್ಧವಾಗುವ ಮೊದಲೇ ಈ ಏರ್ಪಾಡನ್ನು ಬ್ರೌಸರ್‌ನಲ್ಲಿ ಕೂತು ಪರೀಕ್ಷಿಸಬಹುದು: ವಿಳಾಸ ಹಾಕು, ಮಾಹಿತಿ ತುಂಬು, ಸೆಂಡ್ ಒತ್ತು, ಉತ್ತರ ನೋಡು. ಇದಕ್ಕೆಂದೇ ಬಂದ ಪೋಸ್ಟ್‌ಮನ್ 2012ರಲ್ಲಿ ಕ್ರೋಮ್ ಬ್ರೌಸರ್‌ನ ಎಕ್ಸ್‌ಟೆನ್ಷನ್ ಆಗಿ ಶುರುವಾಯಿತು, ಮುಂದೆ ಬೆಂಗಳೂರಿನಲ್ಲೇ ಕಂಪನಿಯಾಯಿತು. ಆದರೆ ಅದರ ಡಬ್ಬಿಗಳಲ್ಲಿ ನಮ್ಮವರು ತುಂಬುವುದೇನು? 'ಜಾನ್'. 'ಟೆಸ್ಟ್123'. ಅದೂ ಇಂಗ್ಲಿಷ್ ಅಕ್ಷರದಲ್ಲಿ. 200 ಎಂದು ಉತ್ತರ ಬಂತು, ಹಸಿರು ಬಣ್ಣ ಬಿತ್ತು, ಮುಗೀತು.

ಜಾನ್‌ನ ಹೆಸರಿನಲ್ಲಿ ಮೂಟೆ ಕಟ್ಟಬೇಕಾದ ಅಕ್ಷರ ಒಂದೂ ಇಲ್ಲ. ಹಾಗಾಗಿ ಮೂಟೆ ಕಟ್ಟುವಲ್ಲಿನ ಎಷ್ಟೋ ತಪ್ಪು ಅವನ ಮುಂದೆ ಕಾಣುವುದೇ ಇಲ್ಲ. ಒಮ್ಮೆ ಕಟ್ಟಿದ್ದನ್ನು ಇನ್ನೊಬ್ಬ ಪ್ರೋಗ್ರಾಮರ್ ಮತ್ತೆ ಕಟ್ಟಿದರೂ ಜಾನ್ ಜಾನೇ. ಲಕ್ಷ್ಮಿ ಮಾತ್ರ ಶೇಕಡಾ ಚಿಹ್ನೆಗಳ ರಾಶಿಯಾಗಿ ಡೇಟಾಬೇಸ್ ಸೇರುತ್ತಾಳೆ. ಕನ್ನಡ ಅರಿಯದ ಹಳೇ ಡೇಟಾಬೇಸ್ ಸಿಕ್ಕರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಹೆಸರಿನ ಜಾಗಕ್ಕೆ 20 ಬೈಟ್ ಮಿತಿ ಇಟ್ಟಿದ್ದರೆ 21 ಬೈಟಿನ ಲಕ್ಷ್ಮಿಗೆ ಪ್ರವೇಶವೇ ಇಲ್ಲ.

ಹಾವೇರಿಯಲ್ಲಿರುವ ನಮ್ಮವ್ವ ಒಂದು ಆ್ಯಪ್‌ನಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ ತುಂಬಿದಳು. 'ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ' ಎಂದು ಇಂಗ್ಲಿಷಿನಲ್ಲಿ ಉತ್ತರ ಬಂತು. ಪುಣೆಯಲ್ಲಿದ್ದ ನನಗೆ ಫೋನ್ ಮಾಡಿ, "ನನ್ನ ಹೆಸರಿನ್ಯಾಗ ಅಂಥಾ ವಿಶೇಷ ಏನೈತೋ?" ಎಂದು ಕೇಳಿದಳು. ಅವಳ ಪ್ರಶ್ನೆಗೆ ತಾಂತ್ರಿಕ ಉತ್ತರ ಇದೆ, ಮರ್ಯಾದೆಯ ಉತ್ತರ ಇಲ್ಲ. ಎಲ್ಲ ಭಾಷೆಗೂ ಜಾಗ ಕೊಟ್ಟಿದ್ದೇವೆ ಎನ್ನುವವರೂ ಇಲ್ಲಿ ಎಡವುತ್ತಾರೆ. 'ಅಕ್ಷರಗಳಿಗೆ ಮಾತ್ರ ಪ್ರವೇಶ' ಎಂದು ನಿಯಮ ಬರೆಯುತ್ತಾರೆ. ಯೂನಿಕೋಡ್‌ನ ವಿಂಗಡಣೆಯಲ್ಲಿ ನಮ್ಮ ಕಾಗುಣಿತದ ಚಿಹ್ನೆಗಳು ಅಕ್ಷರಗಳಲ್ಲ, ಗುರುತುಗಳು. ಕಮಲ ಪಾಸು, ಕಮಲಾ ಫೇಲು! ಒಂದು ದೀರ್ಘಕ್ಕೆ ಇಷ್ಟು ದೊಡ್ಡ ಶಿಕ್ಷೆ.

'ನಮ್ಮ ಗ್ರಾಹಕರು ಇಂಗ್ಲಿಷಿನಲ್ಲೇ ಬರೆಯುತ್ತಾರೆ' ಎಂಬುದು ಮೀಟಿಂಗ್‌ಗಳಲ್ಲಿ ನಾನು ಕೇಳಿ ಕೇಳಿ ಸುಸ್ತಾದ ವಾದ. ಕನ್ನಡದಲ್ಲಿ ಬರೆದರೆ ಬಾಗಿಲು ಹಾಕುತ್ತೀರಿ, ಆಮೇಲೆ ಕನ್ನಡದವರು ಯಾರೂ ಬರಲಿಲ್ಲ ಎಂದು ಲೆಕ್ಕ ತೋರಿಸುತ್ತೀರಿ. 'ಲೋಕಲೈಸೇಷನ್ ಮುಂದಿನ ಹಂತದಲ್ಲಿ' ಎಂಬುದು ಇನ್ನೊಂದು. ಗುಂಡಿಗಳ ಮೇಲಿನ ಬರಹವನ್ನು ಕನ್ನಡಕ್ಕೆ ತರುವುದು ಬೇಕಾದರೆ ಮುಂದಿನ ಹಂತವಾಗಲಿ. ಮನುಷ್ಯರ ಹೆಸರನ್ನು ಕೆಡಿಸದೆ ಇಟ್ಟುಕೊಳ್ಳುವುದು ಮೊದಲ ಹಂತದ ಕೆಲಸ. ವ್ಯವಸ್ಥೆಗಳ ನಡುವೆ ಓಡಾಡುವ ಜೇಸನ್ ಮಾಹಿತಿ ಯುಟಿಎಫ್-8ರಲ್ಲೇ ಇರಬೇಕೆಂದು 2017ರ ಮಾನದಂಡವೇ ಹೇಳುತ್ತದೆ. ಇದರಲ್ಲಿ ಭಾಷಾಭಿಮಾನದ ಮಾತೇ ಬರುವುದಿಲ್ಲ. ಇದು ಕೆಲಸದ ಗುಣಮಟ್ಟ.

ಖರ್ಚಾದರೂ ಎಷ್ಟು? ಬ್ರೌಸರ್‌ನಲ್ಲಿ ಉಳಿಸಿಟ್ಟ ಪರೀಕ್ಷೆಗಳ ಜೊತೆ ನಾಲ್ಕು ಹೆಸರು ಸೇರಿಸಿ. ಒತ್ತಕ್ಷರಕ್ಕೆ 'ಲಕ್ಷ್ಮಿ'. ದೀರ್ಘಕ್ಕೆ 'ಕಮಲಾ'. ಕಣ್ಣಿಗೆ ಕಾಣದ ಜೋಡಣೆಯ ಸಂಕೇತ ಒಳಗಿರುವ 'ಸೂರ‍್ಯ'. ಅದನ್ನು ಕಸವೆಂದು ಗುಡಿಸಿದರೆ ಅದು 'ಸೂರ್ಯ' ಎಂಬ ಬೇರೆ ಬರವಣಿಗೆಯಾಗುತ್ತದೆ. ಕೊನೆಗೆ 'ಗೋಪಾಲ', ಅದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ನೋಡಲು ಎರಡೂ ಒಂದೇ, ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ಸಿಗದೆ ಹೋಗಬಹುದು.

ಕಳಿಸಿ 200 ಬಂತೆಂದು ಎದ್ದು ಹೋಗಬೇಡಿ. ಅದೇ ಹೆಸರನ್ನು ಸರ್ವರ್‌ನಿಂದ ವಾಪಸ್ ತರಿಸಿ, ಕಳಿಸಿದ್ದೂ ಬಂದದ್ದೂ ಒಂದೇನಾ ಎಂದು ಹೋಲಿಸಿ. ಬ್ರೌಸರ್ ತಾನಾಗಿ ಸರಿಮಾಡಿ ಕಳಿಸುವುದೂ ಉಂಟು, ಆದ್ದರಿಂದ ಮೊಬೈಲ್ ಆ್ಯಪ್‌ನಿಂದಲೂ ಒಮ್ಮೆ ನೋಡಿ. ಹತ್ತು ನಿಮಿಷದ ಕೆಲಸ.

ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯ ಆಫೀಸುಗಳಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಮಂದಿಯ ಕೈಯಲ್ಲೇ ಆ ಸೆಂಡ್ ಗುಂಡಿ ಇದೆ. ನವೆಂಬರಿನಲ್ಲಿ ಡಿಪಿ ಬದಲಿಸುವುದು ನಿಮ್ಮಿಷ್ಟ. ಮುಂದಿನ ರಿಲೀಸ್‌ಗೆ ಮಾತ್ರ ಜಾನ್‌ನ ಪಕ್ಕದಲ್ಲಿ ನಿಮ್ಮವ್ವನ ಹೆಸರನ್ನೂ ಹಾಕಿ. ಅದು ಫೇಲಾದರೆ ಬಗ್ ಎಂದು ದಾಖಲಿಸಿ, ಸರಿಯಾಗುವ ತನಕ ಸಹಿ ಹಾಕಬೇಡಿ.