ಕೆಟ್ಟದ್ದು ಕದಿರೋ, ಬೇರಿಂಗೋ?

ಅಮೆರಿಕದ ಊರ ಹೊರವಲಯಗಳಲ್ಲಿ ಮನೆಯ ಸುತ್ತ ವಿಶಾಲವಾದ ಹುಲ್ಲುಹಾಸನ್ನು ಬೆಳೆಸುವುದು ವಾಡಿಕೆ. ಅದನ್ನು ಕತ್ತರಿಸಲು, ಮೇಲೆ ಕುಳಿತು ನಡೆಸುವ, ಚಿಕ್ಕ ಟ್ರಾಕ್ಟರಿನಂತಹ ಯಂತ್ರವುಂಟು. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ಅಪರಿಚಿತವಲ್ಲ. ಒಂದು ದಿನ ಈ ಯಂತ್ರದ ಹೊಟ್ಟೆಯೊಳಗಿನಿಂದ ಗರಗರ ಸದ್ದು ಕೇಳಿಬರುತ್ತದೆ. ಹುಲ್ಲು ಒಂದೆಡೆ ಮೋಟಾಗಿಯೂ ಇನ್ನೊಂದೆಡೆ ಉದ್ದವಾಗಿಯೂ ಉಳಿಯುತ್ತದೆ. ಅಂಗಡಿಯಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: “ಕದಿರು ಹೋಗಿದೆ, ಇಡೀ ಜೋಡಣೆಯನ್ನೇ ಬದಲಾಯಿಸಬೇಕು.” ಈ ಉತ್ತರವನ್ನು ವಿಚಾರಿಸದೆ ಒಪ್ಪಬಾರದೆಂಬುದು ನಮ್ಮ ಅಭಿಪ್ರಾಯ.

ಸ್ಪಿಂಡಲ್ ಎಂದು ಕರೆಯುವ ಈ ಕದಿರಿನ ರಚನೆ ಸರಳವಾದುದು. ಲೋಹದ ಒಂದು ಕವಚ. ಅದರ ನಡುವೆ ನೆಟ್ಟಗೆ ನಿಂತ ಉಕ್ಕಿನ ದಂಡ. ದಂಡದ ಮೇಲ್ತುದಿಗೆ ಬೆಲ್ಟಿನಿಂದ ತಿರುಗುವ ರಾಟೆ, ಕೆಳತುದಿಗೆ ಅಲಗು. ದಂಡವನ್ನು ಹಿಡಿದು ಸರಾಗವಾಗಿ ತಿರುಗಗೊಡುವವು ಎರಡು ಗುಂಡಿನ ಬೇರಿಂಗುಗಳು. ಬಹುಮಟ್ಟಿಗೆ ಮೊದಲು ಸವೆಯುವುವು ಇವೇ. ನೀರಿನ ರಭಸದ ಧಾರೆಯಿಂದ ಯಂತ್ರವನ್ನು ತೊಳೆದಾಗ ನೀರು ಒಳನುಗ್ಗಿ, ಗ್ರೀಸು ಕೆಟ್ಟು, ಗುಂಡುಗಳು ತುಕ್ಕು ಹಿಡಿಯುತ್ತವೆ. ಬೇರಿಂಗಿಗೆ ಬಂದ ರೋಗಕ್ಕೆ ಕವಚ, ದಂಡ, ರಾಟೆಗಳನ್ನೆಲ್ಲ ಗುಜರಿಗೆ ಹಾಕುವುದು ನ್ಯಾಯವೆ?

ಅನೇಕ ಯಂತ್ರಗಳಲ್ಲಿ ಇರುವುದು 6203 ಎಂಬ ಸಂಖ್ಯೆಯ ಬೇರಿಂಗು. ಅದರ ಒಳವ್ಯಾಸ 17 ಮಿಲಿಮೀಟರು, ಹೊರವ್ಯಾಸ 40, ದಪ್ಪ 12. ಯಾವ ದೇಶದಲ್ಲಿ ತಯಾರಾದರೂ ಈ ಅಳತೆಗಳು ಒಂದೇ. ಅಮೆರಿಕದ ಕೆಲವು ಯಂತ್ರಗಳಲ್ಲಿ ಮಾತ್ರ ಹೊರ ಅಳತೆ ಇದೇ ಆಗಿದ್ದು, ಒಳವ್ಯಾಸ ಅಂಗುಲದ ಲೆಕ್ಕದಲ್ಲಿ ಇರುವುದುಂಟು. ಆದುದರಿಂದ ಅಳೆದು ನೋಡಿಯೇ ಕೊಳ್ಳಬೇಕು. ಹೊಸ ಬೇರಿಂಗನ್ನು ಕವಚದೊಳಗೆ ಕೂರಿಸುವಾಗ ಬಲವನ್ನು ಹೊರಬಳೆಯ ಮೇಲೆ ಹಾಕಬೇಕು. ದಂಡಕ್ಕೆ ಏರಿಸುವಾಗ ಒಳಬಳೆಯ ಮೇಲೆ. ಈ ನಿಯಮ ತಪ್ಪಿದರೆ ಗುಂಡುಗಳ ಒತ್ತಡಕ್ಕೆ ಬಳೆಗಳಲ್ಲಿ ಗುಳಿ ಬಿದ್ದು, ಹೊಸ ಬೇರಿಂಗು ತಿರುಗುವ ಮೊದಲೇ ಹಾಳಾಗುತ್ತದೆ. ಎರಡು ಬೇರಿಂಗುಗಳ ನಡುವಣ ಕೊಳವೆಯನ್ನು ಮರೆತರೂ ಇದೇ ಗತಿ. ನಟ್ಟನ್ನು ಬಿಗಿದಾಗ ಒಳಬಳೆಗಳನ್ನು ಅಂತರದಲ್ಲಿ ನಿಲ್ಲಿಸುವುದು ಅದೇ.

ಹೀಗೆಂದ ಮಾತ್ರಕ್ಕೆ ಎಲ್ಲವನ್ನೂ ದುರಸ್ತಿ ಮಾಡಬಹುದೆಂದಲ್ಲ. 53 ಸೆಂಟಿಮೀಟರು ಉದ್ದದ ಅಲಗು ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿಲೋಮೀಟರು. ಮರದ ಬುಡಕ್ಕೆ ತಾಗಿ ದಂಡ ಬಾಗಿದ್ದರೆ, ಇಲ್ಲವೆ ಕವಚ ಸೀಳಿದ್ದರೆ, ಅವನ್ನು ಬಡಿದು ನೆಟ್ಟಗೆ ಮಾಡುವುದಾಗಲಿ ಬೆಸೆಯುವುದಾಗಲಿ ಅಪಾಯ. ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಳಚಿ, ಅಲಗಿನ ಎರಡು ತುದಿಗಳನ್ನೂ ಒಂದಾದ ಮೇಲೊಂದರಂತೆ ಒಂದೇ ಜಾಗಕ್ಕೆ ತಂದು ಎತ್ತರವನ್ನು ಅಳೆಯಿರಿ. ಹೊಸ ಅಲಗು ಹಾಕಿದ ಮೇಲೂ ಎತ್ತರ ಬೇರೆ ಬೇರೆಯಾಗಿದ್ದರೆ ದಂಡ ಬಾಗಿದೆಯೆಂದೇ ತಿಳಿಯಬೇಕು. ಅಂತಹ ದಂಡವನ್ನು ಬದಲಾಯಿಸುವುದೇ ವಿವೇಕ.

ಈ ವಿವೇಚನೆಗೆ ತಯಾರಕರ ಸಹಕಾರ ಅಗತ್ಯ. ಬೇರಿಂಗಿನ ಸಂಖ್ಯೆಯನ್ನು ಕೈಪಿಡಿಯಲ್ಲಿ ಅಚ್ಚುಮಾಡುವುದಕ್ಕೆ ಖರ್ಚೇನೂ ಇಲ್ಲ. ಕವಚವನ್ನು ಬಿಚ್ಚಿ ಮತ್ತೆ ಜೋಡಿಸುವಂತೆ ರಚಿಸುವುದೂ ದುಸ್ಸಾಧ್ಯವಲ್ಲ. ರೈತರು ತಮ್ಮ ಯಂತ್ರಗಳನ್ನು ತಾವೇ ದುರಸ್ತಿ ಮಾಡಿಕೊಳ್ಳಲು ಬೇಕಾದ ಮಾಹಿತಿಯನ್ನೂ ಬಿಡಿಭಾಗಗಳನ್ನೂ ತಯಾರಕರು ಒದಗಿಸಬೇಕೆಂದು ಕೊಲರಾಡೊ ರಾಜ್ಯ 2023ರಲ್ಲಿ ಕಾಯಿದೆ ಮಾಡಿತು. ಅದು 2024ರ ಜನವರಿ 1ರಂದು ಜಾರಿಗೆ ಬಂದಿತು. ಹೊಲದ ಯಂತ್ರಕ್ಕೆ ಸಲ್ಲುವ ಈ ನ್ಯಾಯ ಅಂಗಳದ ಯಂತ್ರಕ್ಕೂ ಸಲ್ಲಬೇಕು.

ಯಂತ್ರವನ್ನು ಕೊಂಡವನು ಅದರ ಹಣವನ್ನಷ್ಟೇ ತೆತ್ತರೆ ಸಾಲದು, ಅದರ ಒಳಗನ್ನೂ ತಿಳಿದಿರಬೇಕು. ತಿಳಿಯುವ ದಾರಿಯನ್ನು ಮುಚ್ಚದಿರುವುದು ಮಾರಿದವನ ಧರ್ಮ.